ಅಬ್ರಹಾಮ ಹೊರಟ, ನಾನು ಹೊರಡಲಿಲ್ಲ

ಗಂಡನಿಗೆ ಮತ್ತೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದ್ದು ನನಗೆ ಗೊತ್ತಾದದ್ದು ಅವರು ಒಪ್ಪಿಕೊಂಡಾದ ಮೇಲೆ. ಹಿಂದೆ ಕುವೈತ್ ಬಿಟ್ಟು ಮೆಲ್ಬರ್ನ್‌ಗೆ, ಅಲ್ಲಿಂದ ಸಿಡ್ನಿಗೆ ಬಂದಾಗಲೂ ಹಾಗೇ ಆಗಿತ್ತು. ಪ್ರತಿ ಸಲವೂ ನಾನು ನರ್ಸ್ ಕೆಲಸ ಬಿಟ್ಟು, ಹೊಸ ಆಸ್ಪತ್ರೆಯಲ್ಲಿ ಹೊಸಬಳಾಗಿ ನಿಂತಿದ್ದೆ. ಈ ಸಲ ಮಗಳು ಹನ್ನೆರಡನೇ ಕ್ಲಾಸು. ಪರೀಕ್ಷೆಯ ವರ್ಷ ಸ್ಕೂಲು ಬದಲಿಸೋದು ಬೇಡ ಎಂದೆ. ಹೇಗೋ ಆಗುತ್ತದೆ ಎಂದರು.

ಆಗ ಮಾವ ಮಂಗಳೂರಿನಿಂದ ಬಂದು ಸಿಡ್ನಿಯ ಗಿರಾವೀನ್‌ನ ನಮ್ಮ ಮನೆಯಲ್ಲಿದ್ದರು. ಊರ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸಿದವರು. ಒಂದು ಭಾನುವಾರ ಸಂಜೆ ಜಪಮಾಲೆ ಪ್ರಾರ್ಥನೆಗೆ ನಮ್ಮವರೇ ಕೆಲವು ಕುಟುಂಬಗಳು ಬಂದಿದ್ದವು. ಪ್ರಾರ್ಥನೆ ಮುಗಿದ ಮೇಲೆ ಮಾವ ಅಬ್ರಹಾಮನ ಕತೆ ಎತ್ತಿದರು. ದೇವರು ಹೊರಡು ಎಂದ, ಅವನು ಗುಡಾರ ಕಿತ್ತು ಹೊರಟ. ಹೆಂಡತಿ ಸಾರಳು ತುಟಿಪಿಟಕ್ಕೆನ್ನದೆ ಹಿಂದೆ ಹೋದಳು. ಅದಕ್ಕೇ ಆ ಮನೆತನಕ್ಕೆ ಆಶೀರ್ವಾದ ಸಿಕ್ಕಿತು ಎಂದರು. ಕೂತವರೆಲ್ಲ ನನ್ನ ಕಡೆ ನೋಡಿದರು. ನಾನು ಚಹಾ ಬಗ್ಗಿಸುತ್ತಿದ್ದೆ.

ಕೆಟಲ್ ಕೆಳಗಿಟ್ಟೆ. ಅಬ್ರಹಾಮನಿಗೆ ವಾದ ಮಾಡಲು ಬರುತ್ತಿತ್ತು ಎಂದೆ. ಸೊದೋಮ್ ಪಟ್ಟಣವನ್ನು ಸುಡುತ್ತೇನೆಂದ ದೇವರ ಎದುರು ನಿಂತು, ಆ ಪರವೂರಿನವರಿಗಾಗಿ ಚೌಕಾಸಿ ಮಾಡಿದವನು ಅವನು. ಮಗ ಇಸಾಕನನ್ನೇ ಬೆಟ್ಟದ ಮೇಲೆ ಬಲಿ ಕೊಡು ಎಂದಾಗ ಮಾತ್ರ ವಾದ ಮಾಡದೆ ಬೆಳಿಗ್ಗೆ ಎದ್ದು ಕತ್ತೆಗೆ ತಡಿ ಹಾಕಿದ. ಹೆತ್ತ ಸಾರಳಿಗೆ ಹೇಳಿದನೆಂದು ಎಲ್ಲೂ ಬರೆದಿಲ್ಲ. ಕೊನೇ ಗಳಿಗೆಯಲ್ಲಿ ದೇವರೇ ತಡೆದ ಮೇಲೆ ಬೆಟ್ಟ ಇಳಿದು ಅವನು ಬೇರ್ಷೆಬದಲ್ಲಿ ನೆಲೆಸಿದ. ಸಾರಳು ಸತ್ತದ್ದು ದೂರದ ಹೆಬ್ರೋನಿನಲ್ಲಿ.

"ಅವಳಿಗಾಗಿ ಅಳೋದಕ್ಕೆ ಅವನು ಅಲ್ಲಿಗೆ ಬಂದ ಅಂತ ಇದೆ, ಮಾವ. ಜೊತೆಗಿದ್ದಿದ್ರೆ ಯಾಕೆ ಬರಬೇಕಿತ್ತು?"

ಮಾವ ಬೈಬಲ್ ತರಿಸಿ, ಕನ್ನಡಕ ಹಾಕಿಕೊಂಡು ಓದಿದರು. ತಪ್ಪು ಎನ್ನಲಿಲ್ಲ. ಹೆಂಗಸರು ಹೀಗೆ ಓದಬಾರದು ಎಂದರು, ಅಷ್ಟೇ.

ಎಲ್ಲರೂ ಹೋದ ಮೇಲೆ ಗಂಡ ಅಡುಗೆಮನೆಗೆ ಬಂದರು. "ನನ್ನೊಬ್ಬನ ಹತ್ತಿರ ಹೇಳಬಹುದಿತ್ತಲ್ಲ."

"ನೀವು ನನ್ನನ್ನ ಒಂದು ಸಲವಾದ್ರೂ ಕೂರಿಸಿ ಕೇಳಿದ್ರಾ?"

ಅವರು ಒಬ್ಬರೇ ಮೆಲ್ಬರ್ನ್‌ಗೆ ಹೋದರು. ಒಂದು ಶುಕ್ರವಾರ ಬಿಟ್ಟು ಒಂದು ಶುಕ್ರವಾರ ಫ್ಲೈಟ್ ಹಿಡಿದು ಬರುತ್ತಿದ್ದರು. ಇಗರ್ಜಿಯಲ್ಲಿ ಆಂಟಿಯರು ನನ್ನ ಕೈ ಹಿಡಿದು, ನಿಮಗಾಗಿ ಪ್ರಾರ್ಥಿಸುತ್ತೇವೆ ಎನ್ನುತ್ತಿದ್ದರು. ಮಗಳ ಪರೀಕ್ಷೆಗೆ ಪ್ರಾರ್ಥಿಸಿ, ನಾನು ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಮಾವ ಮೊಮ್ಮಗಳ ಹಣೆಗೆ ಶಿಲುಬೆ ಗುರುತು ಹಾಕಿ ಆಶೀರ್ವದಿಸಿದರು. ನನ್ನನ್ನು ಆಶೀರ್ವದಿಸಲಿಲ್ಲ, ನಾನು ಕೇಳಲೂ ಇಲ್ಲ.

ಪರೀಕ್ಷೆ ಮುಗಿದ ವಾರ ಗಂಡ ಬಂದು ಸೋಫಾದಲ್ಲಿ ಎದುರು ಕೂತರು. ಈಗ ಮೆಲ್ಬರ್ನ್‌ಗೆ ಬರುತ್ತೀಯಾ, ಇಲ್ಲ ನಾನೇ ಇಲ್ಲಿ ಕೆಲಸ ಹುಡುಕಲಾ ಎಂದು ಕೇಳಿದರು. ಮದುವೆಯಾದಾಗಿನಿಂದ ಅವರು ಹಾಗೆ ಕೇಳಿದ್ದು ಅದೇ ಮೊದಲು. ಎದೆ ತುಂಬಿ ಬಂತು, ಆದರೂ ಪಟ್ಟು ಬಿಡಲಿಲ್ಲ.

"ಬರಲ್ಲ," ಎಂದೆ. ಕಾರಣ ಕೊಡಲಿಲ್ಲ.

ಚಳಿಗಾಲ ಬರುವಷ್ಟರಲ್ಲಿ ಅವರಿಗೆ ಇಲ್ಲೇ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸವಾಯಿತು.