ಮೋಟರಿನ ಮೈಮೇಲಿನ ನಾಲ್ಕು ಓಮ್

ರಂಗಂಪೇಟೆಯಲ್ಲಿ ಮಸ್ತಾನಸಾಬರು ಮೂವತ್ತು ವರ್ಷದಿಂದ ಸುಟ್ಟ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದಾರೆ. ಕಲಿತದ್ದು ನಾಲ್ಕನೇ ಕ್ಲಾಸು. ಸುತ್ತಿದ ಮೋಟರನ್ನು ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಗ್ಗೆ ಅಂಗಡಿಯ ತಗಡು ಬಿಸಿಲಿಗೆ ಕಾಯುವ ಮೊದಲೇ ಮೀಟರ್ ಹಚ್ಚಿ, ತಂತಿ ಕರೆಂಟಿಗೆ ಒಡ್ಡುವ ರೋಧ ಎಷ್ಟು ಓಮ್ ಬಂತೋ ಅದನ್ನು ಮೋಟರಿನ ಮೈಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಆ ಅಂಕಿಯೇ ಅವರ ಗ್ಯಾರಂಟಿ. ನನ್ನ ಹೊಲದ ಮೋಟರಿಗೆ ಬರೆದದ್ದು ನಾಲ್ಕು ಓಮ್.

ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಏಪ್ರಿಲ್‌ನ ಒಂದು ಮಧ್ಯಾಹ್ನ, ಮೂರು ತಾಸು ನೀರೆತ್ತಿದ ಮೋಟರನ್ನು ಬಂದ್ ಮಾಡಿ, ಭಾರೀ ಬಲ್ಲವನ ಹಾಗೆ ಶಾಲೆಯ ಮೀಟರ್ ಹಚ್ಚಿದೆ. ಐದಕ್ಕೆ ಚೂರು ಕಡಿಮೆ! ತಂತಿ ಸಣ್ಣದಾದರೆ ರೋಧ ಹೆಚ್ಚು. ಮುದುಕ ತಾಮ್ರ ಉಳಿಸಲು ಸಣ್ಣ ತಂತಿ ಸುತ್ತಿ ನನಗೆ ಟೋಪಿ ಹಾಕಿದ್ದಾನೆ ಎಂದು ತಲೆ ಕೆಟ್ಟಿತು. ನೇರ ಇನಾಯತನ ಚಹಾದಂಗಡಿಗೆ ಹೋಗಿ ಹತ್ತು ಮಂದಿಯ ಎದುರು ಅದನ್ನೇ ಒದರಿದೆ. ವಾರದೊಳಗೆ ಮಸ್ತಾನಸಾಬರ ಅಂಗಡಿಯಲ್ಲಿದ್ದ ಮೂರು ಮೋಟರುಗಳನ್ನು ಮಾಲಕರು ಸುತ್ತಿಸದೆಯೇ ಎತ್ತಿಕೊಂಡು ಹೋದರು.

ಮಸ್ತಾನಸಾಬರು ಜಗಳಕ್ಕೆ ಬರಲಿಲ್ಲ. ಒಂದು ನಸುಕಿನಲ್ಲಿ ನನ್ನನ್ನು ಹೊಲಕ್ಕೆ ಕರೆದೊಯ್ದು, ರಾತ್ರಿಯಿಡೀ ತಣ್ಣಗಿದ್ದ ಮೋಟರಿಗೆ ನನ್ನ ಕೈಯಿಂದಲೇ ಮೀಟರ್ ಹಚ್ಚಿಸಿದರು. ನಾಲ್ಕು ಓಮ್, ಕೂದಲಷ್ಟೂ ಹೆಚ್ಚಿಲ್ಲ.

“ಕಾಯ್ದ ತಾಮ್ರ ಕರೆಂಟಿಗಿ ಅಡ್ಡ ಬರ್ತದ್ರಿ, ಮಾಸ್ತರ. ತಣ್ಣಗಾದ್ರ ದಾರಿ ಬಿಡ್ತದ. ನನ್ನ ಮಗಳಿಗಿ ಇದನ್ನ ನೀವೇ ಕಲಿಸೀರಿ. ‘ಅಪ್ಪಾ, ನೀ ಹೇಳೋದು ನಮ್ಮ ಪುಸ್ತಕದಾಗೂ ಅದ’ ಅಂತ ಮನಿತುಂಬ ಕುಣಿದಿದ್ಲು.”

ಭೂಮಿ ಬಾಯ್ಬಿಡಬಾರದೇ ಅನಿಸಿತು. ಲೋಹ ಬಿಸಿಯಾದಷ್ಟೂ ರೋಧ ಹೆಚ್ಚುತ್ತದೆ ಎಂದು ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದ ಕೈ ಇದೇ. ಪುಸ್ತಕದ ಬದನೆಕಾಯಿ ಅಂದರೆ ನಾನೇ. ನಾಚಿಕೆಯಿಂದ ಅವರ ಮುಖ ನೋಡಲಾಗದೆ, ತಪ್ಪಾಯಿತು ಎಂದೆ. ನನ್ನ ಮುಂದಲ್ಲ, ಚಹಾದಂಗಡಿಯಲ್ಲಿ ಹೇಳಿರಿ ಎಂದರು.

ಅಂದೇ ಹೋಗಿ ಹೇಳಿದೆ. ಇನಾಯತ ಕಪ್ಪು ತೊಳೆಯುತ್ತಲೇ, “ಸಾಬರು ಅಂಥವರಲ್ಲಂತ ನಮಗ ಗೊತ್ತಿತ್ರಿ. ಆದ್ರ ಸೈನ್ಸ್ ಮಾಸ್ತರ್ರು ಹೇಳ್ಯಾರಂತ ನಂಬಿದ್ವಿ,” ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮೂರರಲ್ಲಿ ಎರಡು ಮೋಟರು ತಿರುಗಿ ಬಂದವು. ಈಗ ಮಸ್ತಾನಸಾಬರು ಪ್ರತಿ ಮೋಟರಿನ ಮೇಲೂ ಅಂಕಿಯ ಪಕ್ಕ ‘ತಣ್ಣಗಿದ್ದಾಗ’ ಎಂದು ಬರೆಯುತ್ತಾರೆ. ಮೂವತ್ತು ವರ್ಷ ಅವರಿಗೆ ಆ ಮಾತು ಬರೆಯಬೇಕಾಗಿ ಬಂದಿರಲಿಲ್ಲ.