ನನ್ನ ವಿಸಿಲಿಗೆ ಬಂದ ಐವರು

ಕಳೆದ ಭಾನುವಾರ ಹನ್ನೆರಡೂಕಾಲಿಗೆ ಸರಿಯಾಗಿ ನಾನು ವಿಸಿಲ್ ಊದಿದೆ. ಐದು ಮೊಸಳೆಗಳು ಬಂದವು.

ಉತ್ಪ್ರೇಕ್ಷೆಯಲ್ಲ, ಎಣಿಸಿದ್ದೇನೆ. (ಮೂವತ್ತನಾಲ್ಕು ವರ್ಷ ಪಿ.ಟಿ. ಮಾಸ್ತರನಾಗಿದ್ದವನು ಎದುರು ಬಂದು ನಿಂತವರನ್ನು ಎಣಿಸದೆ ಬಿಡುವುದಿಲ್ಲ.) ಮೊದಲಿನಿಂದ ಹೇಳುತ್ತೇನೆ.

ಸುಳ್ಯದಲ್ಲಿ ನಮ್ಮದೊಂದು ಬೆಳಗಿನ ವಾಕಿಂಗ್ ಗುಂಪು ಇದೆ. ನಾನು, ನನ್ನ ಹೆಂಡತಿ ಭಾಗೀರಥಿ ಸೇರಿ ಹದಿನಾಲ್ಕು ಜನ. ಎಲ್ಲರೂ ಅರುವತ್ತು ದಾಟಿದವರು. ವರ್ಷಕ್ಕೆ ಎರಡು ಸಲ ವ್ಯಾನ್ ಮಾಡಿಕೊಂಡು ಎಲ್ಲಿಗಾದರೂ ಹೋಗುತ್ತೇವೆ. ಲೀಡರ್ ನಾನು. ಟೈಮ್‌ಟೇಬಲ್ ನನ್ನದು. ಕುತ್ತಿಗೆಯಲ್ಲಿ ನೇತಾಡುವ ವಿಸಿಲೂ ನನ್ನದು.

ಕಳೆದ ಸಲ ಘಟ್ಟ ಹತ್ತುವ ಮೊದಲು ಗುಂಡ್ಯದಲ್ಲಿ ಚಹಾಕ್ಕೆ ಹತ್ತು ನಿಮಿಷ ಕೊಟ್ಟಿದ್ದೆ. ನಮ್ಮ ಗುಂಪಿನ ಮೋನಾಕ ಹದಿನಾಲ್ಕು ನಿಮಿಷ ತೆಗೆದುಕೊಂಡರು. ನಾನು ವ್ಯಾನ್ ಹೊರಡಿಸಿದೆ. ಎರಡು ಕಿಲೋಮೀಟರ್ ಹೋಗಿ, ತಿರುಗಿಸಿ, ಅವರನ್ನು ಹತ್ತಿಸಿಕೊಂಡೆವು. (ತಿರುಗಿಸಿದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.)

ಮೋನಾಕ ನನ್ನ ಹಳೆಯ ಗೆಳೆಯರು. ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ಹೋಟೆಲಿನ ಅಡುಗೆಮನೆ ನೋಡಿಕೊಂಡು ಬಂದವರು. ಸಿಟ್ಟು ಮಾಡುವ ಜನವೇ ಅಲ್ಲ. ಹಾಗಾಗಿ ಈ ಸಲ ವ್ಯಾನ್ ಪುತ್ತೂರು ದಾಟುವಾಗ ಅವರು ನಗುನಗುತ್ತಲೇ ಶುರುಮಾಡಿದರು.

"ಮಾಸ್ಟ್ರೆ, ಇದು ನಿಮಗೆ ಲಾಸ್ಟ್ ಚಾನ್ಸ್. ಬೈಯದೆ, ಯಾರನ್ನೂ ಬಿಟ್ಟು ಹೋಗದೆ, ಎಲ್ಲರನ್ನೂ ಟೈಮಿಗೆ ಸರಿಯಾಗಿ ಊಟಕ್ಕೆ ಸೇರಿಸಿ. ಆಗ್ಲಿಲ್ಲ ಅಂತಾದ್ರೆ ಲೀಡರ್ ಚೇಂಜ್."

ಒಪ್ಪಿದವರು ಕೈ ಎತ್ತಬೇಕಂತೆ. ಇಡೀ ವ್ಯಾನ್ ಎತ್ತಿತು. ಭಾಗೀರಥಿ ಎರಡೂ ಕೈ ಎತ್ತಿದಳು.

ನಾವು ಹೋದದ್ದು ಒಂದು ಮೊಸಳೆ ಪಾರ್ಕಿಗೆ. (ಹೆಸರು ಬೇಡ. ಕಾರಣ ಮುಂದೆ ಗೊತ್ತಾಗುತ್ತದೆ.) ಜಿಂಕೆಗೆ ಹದಿನೈದು ನಿಮಿಷ, ಹಾವಿಗೆ ಇಪ್ಪತ್ತು, ಚಿರತೆಗೆ ಇಪ್ಪತ್ತೈದು, ಹನ್ನೆರಡು ಗಂಟೆಗೆ ಮೊಸಳೆ, ಹನ್ನೆರಡೂವರೆಗೆ ಊಟ. ಪ್ರತಿಯೊಬ್ಬರ ಕೈಗೂ ಚೀಟಿ ಕೊಟ್ಟಿದ್ದೆ. ಹನ್ನೆರಡು ಗಂಟೆಗೆ ಮೊಸಳೆ ಕೊಳದ ಮುಂದೆ ನಿಂತಿದ್ದದ್ದು ನಾನೊಬ್ಬನೇ. ಉಳಿದವರೆಲ್ಲಿ? ನಾಲ್ವರು ಹಾವಿನ ಹತ್ತಿರ ಮಾತಾಡುತ್ತಿದ್ದರು. (ಹಾವಿನ ಬಗ್ಗೆ ಅಲ್ಲ, ರಬ್ಬರ್ ರೇಟಿನ ಬಗ್ಗೆ.) ಕೆಲವರು ನೀರುನಾಯಿ ನೋಡಲು ಎರಡನೇ ಸಲ ಹೋಗಿದ್ದರು. ಒಬ್ಬರು ಬೆಂಚಿನ ಮೇಲೆ ನಿದ್ದೆ.

ಆದರೆ ಮೊಸಳೆಗಳು! ಐದೂ ದಡದಲ್ಲಿ ಬಾಯಿ ತೆರೆದು ಬಿದ್ದಿದ್ದವು. ಕಾಲು ಗಂಟೆ ನೋಡಿದೆ. ಒಂದೂ ಮೈ ಕೆರೆದುಕೊಳ್ಳಲಿಲ್ಲ, ಪಕ್ಕದವನನ್ನು ತಳ್ಳಲಿಲ್ಲ, ನೀರು ಕುಡಿಯಲು ಹೋಗಲೇ ಎಂದು ಕೇಳಲಿಲ್ಲ. ಇಂಥ ಒಂದು ಕ್ಲಾಸ್ ನನಗೆ ಸರ್ವಿಸಿನಲ್ಲಿ ಸಿಕ್ಕಿರಲಿಲ್ಲ.

ಹನ್ನೆರಡೂಕಾಲಾಯಿತು. ನಮ್ಮವರನ್ನು ಸೇರಿಸಲೇಬೇಕಿತ್ತು. ಶಾಲೆಯ ಅಸೆಂಬ್ಲಿ ವಿಸಿಲ್ ಊದಿದೆ. ಒಂದು ಉದ್ದ, ಎರಡು ಗಿಡ್ಡ.

ಐದು ಬಾಯಿಗಳು ಒಟ್ಟಿಗೆ ಮುಚ್ಚಿದವು. ಐದು ಮೈಗಳು ನೀರಿಗೆ ಜಾರಿದವು. ಮರುಕ್ಷಣ ನಾನು ನಿಂತಿದ್ದ ಗೋಡೆಯ ಬುಡದಲ್ಲಿ ಐದು ತಲೆಗಳು ಸಾಲಾಗಿ ಎದ್ದು ಮತ್ತೆ ಬಾಯಿ ತೆರೆದವು. ಜನ ಮೊಬೈಲ್ ಹಿಡಿದು ಓಡಿ ಬಂದರು. ಯಾರೋ "ಸರ್, ಇನ್ನೊಂದು ಸಲ" ಎಂದರು.

ಹಿಂದೆಯೇ ಓಡಿ ಬಂದದ್ದು ಮೊಸಳೆಗಳನ್ನು ನೋಡಿಕೊಳ್ಳುವಾತ.

"ಯಾರು ಮಾರಾಯ್ರೆ ಸೀಟಿ ಹೊಡೆದದ್ದು?"

"ನಾನು. ನಮ್ಮವರನ್ನು ಕರೆದೆ."

"ನಿಮ್ಮವರು ಬಂದ್ರಾ?"

"ಇಲ್ಲ."

"ನಮ್ಮವು ಬಂದವಲ್ಲ. ಬುಧವಾರ ಮಾಂಸ ಹಾಕುವಾಗ ನಾನು ಹೀಗೇ ಸೀಟಿ ಹೊಡೆಯುದು. ಸೀಟಿ ಅಂದ್ರೆ ಊಟ, ಅವಕ್ಕೆ ಅಷ್ಟೇ ಗೊತ್ತುಂಟು. ಇವತ್ತು ಎಂತ ಕೊಡುದು ನಾನು? ನಿಮ್ಮನ್ನಾ?"

ಕ್ಷಮೆ ಕೇಳಿದೆ. ಆದರೆ ವೃತ್ತಿಯ ಕುತೂಹಲ ಬಿಡಬೇಕಲ್ಲ? ಇದನ್ನು ಕಲಿಸಲು ಎಷ್ಟು ಸಮಯ ಬೇಕಾಯಿತು ಎಂದೂ ಕೇಳಿದೆ.

"ಮೂರು ತಿಂಗಳು. ಒಂದು ದಿನ ಸಹ ಖಾಲಿ ಕೈಯಲ್ಲಿ ಹೊಡೆದದ್ದಿಲ್ಲ. ದಯಮಾಡಿ ಇನ್ನು ಊದ್ಬೇಡಿ. ಎರಡು ಸಲ ಸುಳ್ಳಾದ್ರೆ ಮತ್ತೆ ಅವು ನನ್ನನ್ನೂ ನಂಬುದಿಲ್ಲ."

ಗದ್ದಲ ಕೇಳಿ ಭಾಗೀರಥಿ, ಮೋನಾಕ ಬಂದರು. ಭಾಗೀರಥಿ ಗೋಡೆಯಾಚೆ ಬಗ್ಗಿ ನೋಡಿದಳು. "ಪಾಪ, ಎಷ್ಟು ಒಳ್ಳೆಯ ಮಕ್ಕಳು. ಅಷ್ಟು ದೂರದಿಂದ ಬಂದಿದ್ದಾವೆ, ಒಂದು ಡ್ರಿಲ್ ಆದ್ರೂ ಮಾಡಿಸಿ."

ಮೋನಾಕ ಗಡಿಯಾರ ನೋಡಿದರು. ಹನ್ನೆರಡು ಇಪ್ಪತ್ತೈದು. "ಮಾಸ್ಟ್ರೆ, ನಮ್ಮವರು ಎಷ್ಟು ಜನ ಬಂದಿದ್ದಾರೆ?"

"ನೀವಿಬ್ಬರು."

"ಅದು ಮೊಸಳೆ ನೋಡ್ಲಿಕ್ಕೆ. ಲೆಕ್ಕಕ್ಕಿಲ್ಲ."

ಇನ್ನೊಮ್ಮೆ ಊದುವಂತಿಲ್ಲ. ಬೈಯುವಂತಿಲ್ಲ. ಐದು ನಿಮಿಷದಲ್ಲಿ ನನ್ನ ಲೀಡರ್‌ಗಿರಿ ಮುಗಿಯುತ್ತದೆ. ನಾನು ಸೋತೆ ಎಂದೆ. (ಈ ಮಾತು ಹೇಳಿ ಅಭ್ಯಾಸವಿಲ್ಲದ್ದರಿಂದ ಎರಡು ಸಲ ಹೇಳಬೇಕಾಯಿತು.)

ಹೊಸ ಲೀಡರ್ ಮೋನಾಕ ಕೂಗಲಿಲ್ಲ, ಓಡಲೂ ಇಲ್ಲ. ನಿಧಾನವಾಗಿ ನಡೆದು ಹೋಗಿ, ಬೆಂಚಿನ ಮೇಲೆ ನಿದ್ದೆ ಮಾಡುತ್ತಿದ್ದವರ ಕಿವಿಯ ಹತ್ತಿರ ಒಂದೇ ಮಾತು ಹೇಳಿದರು. "ನಮ್ಮ ಮನೆಯವಳು ತುಪ್ಪದನ್ನ ಮಾಡಿ ಕೊಟ್ಟಿದ್ದಾಳೆ. ಈಗ ಮುಚ್ಚಳ ತೆಗಿತೇನೆ."

ನಿದ್ದೆಯವರು ಎದ್ದರು. ಹಾವಿನವರಿಗೆ ಹೇಳಿದರು. ಹಾವಿನವರು ನೀರುನಾಯಿಯವರಿಗೆ ಹೇಳಿದರು. ರಬ್ಬರ್ ರೇಟು ಅಲ್ಲೇ ಬಿತ್ತು. ಮೊಣಕಾಲು ನೋವೆಂದು ಬೆಳಿಗ್ಗೆಯಿಂದ ಕುಂಟುತ್ತಿದ್ದವರು ಎಲ್ಲರಿಗಿಂತ ಮುಂದೆ. ಹನ್ನೆರಡೂವರೆಗೆ ಊಟದ ಜಾಗದಲ್ಲಿ ಹದಿನಾಲ್ಕೂ ಜನ, ತಟ್ಟೆ ಹಿಡಿದುಕೊಂಡು, ಸಾಲಾಗಿ! ನಾನೂ ಇದ್ದೆ. ಎರಡನೆಯವನಾಗಿ.

ಮೂವತ್ತನಾಲ್ಕು ವರ್ಷ ಖಾಲಿ ಕೈಯಲ್ಲಿ ಊದಿದೆನಲ್ಲ, ಒಂದು ದಿನವಾದರೂ ಮುಚ್ಚಳ ತೆಗೆದು ನೋಡಬಹುದಿತ್ತಲ್ಲವೇ?