ಹದವಾದ ವೇಗ

ಶಿರಸಿಯಲ್ಲಿ ನಮ್ಮ ಪಕ್ಕದ ಮನೆಯವರು ಹಿಂದೆ ಕರಾವಳಿಯ ಬಂದರಿನಲ್ಲಿ ಪೈಲಟ್ ಆಗಿದ್ದವರು. ದೋಣಿಯಲ್ಲಿ ಹೋಗಿ, ಚಲಿಸುತ್ತಿರುವ ಹಡಗನ್ನು ಹಗ್ಗದ ಏಣಿಯಲ್ಲಿ ಹತ್ತಿ, ಅದಕ್ಕೆ ದಾರಿ ತೋರಿಸುವ ಕೆಲಸ. ನಿವೃತ್ತರಾದ ಮೇಲೂ ಅವರು ಹೆಂಡತಿಗಾಗಿ ಸ್ಕೂಟರ್ ಪೂರ್ತಿ ನಿಲ್ಲಿಸಿದ್ದನ್ನು ನಾನು ಕಾಣೆ. ಗೇಟಿನೆದುರು ಕಾಲೆಳೆಯುತ್ತ ಮೆಲ್ಲಗೆ ಸಾಗುವರು. ಆಕೆ ಸಂತೆ ಚೀಲ ಹಿಡಿದು ಜೊತೆಗೇ ನಡೆಯುತ್ತ ಹತ್ತಬೇಕು.

“ಪೂರ್ತಿ ನಿಂತ್ರೆ ಹಡಗು ಓಲಾಡ್ತು, ಜೋರಾದ್ರೆ ಏಣಿ ಸಿಕ್ತಿಲ್ಲೆ. ಹದಾ ವೇಗ ಬೇಕು ಮಾರಾಯ್ತಿ!”

ಒಂದು ದಿನ ಆಕೆಗೆ ಮೊಣಕಾಲು ನೋವು ಶುರುವಾಯಿತು. ಮರುದಿನ ಬೆಳಿಗ್ಗೆ ಅವರು ಸ್ಕೂಟರ್ ಬಂದ್ ಮಾಡಿ, ಎರಡೂ ಕಾಲು ಊರಿ, ಹ್ಯಾಂಡಲ್ ಬಿಗಿಹಿಡಿದು ಕುಳಿತರು.

“ಈಗ ಹತ್ತು ಮಾರಾಯ್ತಿ.”

ಆಕೆ ಹತ್ತಲಿಲ್ಲ. ಸ್ಕೂಟರಿನ ಸುತ್ತ ಒಮ್ಮೆ ಕಣ್ಣಾಡಿಸಿ ಕೇಳಿದರು:

“ಎಂತಾ, ಪೆಟ್ರೋಲ್ ಖಾಲಿ ಆತಾ?”